ನಗು ಇಳಿಯುವವರೆಗೆ

ನಮ್ಮೂರಿನ ಹವ್ಯಾಸಿ ತಂಡ ಕೈಲಾಸಂ ಅವರ ‘ಟೊಳ್ಳುಗಟ್ಟಿ’ ಆಡಿತು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು, ಬರೀ ಅಂಕಕ್ಕಾಗಿ ಓದುವುದನ್ನು ಗೇಲಿ ಮಾಡಿ 1918ರಲ್ಲಿ ಬರೆದ ನಾಟಕ.

ಪುಟ್ಟುವಿನ ಪಾತ್ರ ಹತ್ತನೇ ತರಗತಿಯ ಹುಡುಗನದು. ಮಾತೆಲ್ಲ ಬಾಯಿಪಾಠ. ಅದು ಬೇಕು, ಮಾತು ನಾಲಿಗೆಯಲ್ಲಿ ಕೂರದೆ ಕಿವಿ ಸಭೆಯತ್ತ ಹೋಗದು. ಆದರೆ ಇಪ್ಪತ್ತು ತಾಲೀಮು ಕಳೆದ ಮೇಲೆ ಹಾಸ್ಯಕ್ಕೆ ನಗುವವರಾರು? ಹಾಗಾಗಿ ನಗುವಿಗೆ ಕಾಯುವ ಅಭ್ಯಾಸವೇ ಅವನಿಗಾಗಿರಲಿಲ್ಲ.

ಪ್ರದರ್ಶನದಂದು ಸಭೆ ಗೊಳ್ಳೆಂದಿತು. (‘ಪರೀಕ್ಷೆ ವರ್ಷ ನಾಟಕವೇಕೆ ಮೇಷ್ಟ್ರೇ?’ ಎಂದಿದ್ದ ಅವನ ತಂದೆಯದೇ ಎಲ್ಲರಿಗಿಂತ ದೊಡ್ಡ ನಗು!) ಹುಡುಗ ನಿಲ್ಲಲಿಲ್ಲ, ಮುಂದಿನ ಮೂರು ಮಾತು ಆ ಗದ್ದಲದಲ್ಲಿ ಮುಳುಗಿದವು. ಮತ್ತೆ ನಗು ಎದ್ದಾಗ ತಾಯಿಯ ಪಾತ್ರದವರು ಮೆಲ್ಲನೆ ಅವನ ತೋಳು ಹಿಡಿದರು. ನಗು ಏರಿತು, ಇಳಿಯತೊಡಗಿತು. ಆಗ ಬಿಟ್ಟರು. ಅವನ ಮಾತು ಕಡೆಯ ಬೆಂಚಿಗೂ ಕೇಳಿಸಿತು.