ಜೀಪನ್ನು ಎತ್ತರಿಸುವ ಮುನ್ನ

ಗುಡ್ಡದ ದಾರಿಗಳಲ್ಲಿ ಹೊಟ್ಟೆ ಕಲ್ಲಿಗೆ ತಾಗುವ ಹಳೆಯ ಜೀಪನ್ನು ಮನೆಯಂಗಳದಲ್ಲೇ ಎರಡಿಂಚು ಎತ್ತರಿಸುವ ಹುಮ್ಮಸ್ಸು ಹಲವರಿಗಿದೆ. ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಕಾನೂನು ಒಪ್ಪದ ಮಾರ್ಪಾಡೊಂದಕ್ಕೆ 5000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಉಂಟು.

ಕೆಲಸಕ್ಕಿಳಿದವರು ಸ್ಪ್ಯಾನರಿಗಿಂತ ಮುಂಚೆ ಗಟ್ಟಿ ನೆಲವನ್ನೂ ಚಾಸಿಯನ್ನು ಹೊರುವ ಜೋಡಿ ಸ್ಟ್ಯಾಂಡನ್ನೂ ಹೊಂದಿಸಿಕೊಳ್ಳಬೇಕು. ಜಾಕಿ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಅದರ ಸೀಲು ಸೋತರೆ ಅಡಿಯಲ್ಲಿ ಮಲಗಿದವನಿಗೆ ಸರಿಯಲು ಕ್ಷಣವೂ ಸಿಗದು. ಟಾರ್ಚು ಹಿಡಿಯಲು ಬಂದ ಮಗನನ್ನಂತೂ ದೂರವೇ ನಿಲ್ಲಿಸಬೇಕು.

ಹೊಸ ಸ್ಪ್ರಿಂಗ್ ಪ್ಲೇಟು ಕೂತ ಮೇಲೆ ಬಹಳ ಮಂದಿ ಮರೆಯುವುದು ಬ್ರೇಕಿನ ರಬ್ಬರ್ ಹೋಸ್ ಪೈಪನ್ನು. ಚಕ್ರ ಪೂರ್ತಿ ಜೋತುಬಿದ್ದಾಗಲೂ ಸ್ಟಿಯರಿಂಗ್ ಕೊನೆಯವರೆಗೆ ತಿರುಗಿದಾಗಲೂ ಅದು ಬಿಗಿದು ನಿಲ್ಲಬಾರದು. ನಿಂತರೆ, ಉದ್ದದ ಪೈಪು ಹಾಕುವ ತನಕ ಜೀಪು ಅಂಗಳ ಬಿಡುವಂತಿಲ್ಲ.