ಚಿತ್ರ ಬರಲಿಲ್ಲವೆಂದು ಕ್ಲಾಸು ಬಿಡಬೇಡಿ

ನಲವತ್ತು ದಾಟಿದ ಮೇಲೆ ಚಿತ್ರಕಲೆಯ ತರಗತಿಗೋ, ಕಂಪ್ಯೂಟರಿನಲ್ಲಿ ಗ್ರಾಫಿಕ್ ಡಿಸೈನ್ ಕಲಿಸುವ ಕೇಂದ್ರಕ್ಕೋ ಹೆಸರು ಹಚ್ಚಬೇಕೆಂಬ ಆಸೆ ನಿಮಗಿದ್ದರೆ ಈ ವಾರದ ಮಾತು ನಿಮಗಾಗಿ. ಈಗಾಗಲೇ ಹೆಸರು ಹಚ್ಚಿ, ಎರಡು ತಿಂಗಳು ಹೋಗಿ, ‘ಇದು ನಮ್ಮ ಕೈಲೆ ಆಗೂದಲ್ಲ ಬಿಡ್ರಿ’ ಎಂದು ಮನೆಯಲ್ಲಿ ಕುಳಿತಿದ್ದರೆ ಇನ್ನೂ ಹೆಚ್ಚು ನಿಮಗಾಗಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೇರಿದ ನಮ್ಮ ಸೀಮೆಯಲ್ಲಿ ಇಂಥ ದೊಡ್ಡ ವಯಸ್ಸಿನ ವಿದ್ಯಾರ್ಥಿಗಳು ಯಾರು? ಮೊದಲನೆಯವರು ಪೇಂಟರುಗಳು. ಯಲ್ಲಮ್ಮನ ಗುಡ್ಡದ ಜಾತ್ರೆಗೆ, ಕಿತ್ತೂರು ಉತ್ಸವಕ್ಕೆ, ಚುನಾವಣೆಗೆ, ಕಿರಾಣಿ ಅಂಗಡಿಗೆ ಕುಂಚದಿಂದ ಬೋರ್ಡು ಬರೆದು ಸಂಸಾರ ಸಾಗಿಸಿದವರು. ಫ್ಲೆಕ್ಸ್ ಯಂತ್ರ ಬಂದ ಮೇಲೆ ಅವರ ಇಡೀ ದಿನದ ಕೆಲಸ ಒಂದು ತಾಸಿನಲ್ಲಿ ಮುಗಿಯತೊಡಗಿತು. ಬದುಕಬೇಕಾದರೆ ಕಂಪ್ಯೂಟರ್ ಕಲಿಯಲೇಬೇಕು. ಎರಡನೆಯವರು ರಾಮದುರ್ಗ, ಸುರೇಬಾನ ಕಡೆಯ ನೇಕಾರ ಮನೆತನದವರು. ಬಣ್ಣ ಮತ್ತು ವಿನ್ಯಾಸ ಅವರಿಗೆ ಹುಟ್ಟಿನಿಂದ ಗೊತ್ತು. ಅದನ್ನು ಪರದೆಯ ಮೇಲೆ ಮೂಡಿಸುವುದು ಮಾತ್ರ ಹೊಸದು. ಮೂರನೆಯವರು, ಮಕ್ಕಳು ದೊಡ್ಡವರಾದ ಮೇಲೆ ಕೈಗೆ ಸ್ವಲ್ಪ ಬಿಡುವು ಸಿಕ್ಕ ಗೃಹಿಣಿಯರು ಮತ್ತು ನಿವೃತ್ತರಾದ ಶಿಕ್ಷಕರು, ನೌಕರರು.

ಇವರಲ್ಲಿ ಅನೇಕರು ಅರ್ಧಕ್ಕೇ ಬಿಡುತ್ತಾರೆ. ಕಾರಣ ಕೇಳಿದರೆ ‘ವಯಸ್ಸಾತು, ತಲಿಗೆ ಹತ್ತೂದಿಲ್ಲ’ ಎನ್ನುತ್ತಾರೆ. ಈ ಕಾರಣವನ್ನು ನಾನು ಒಪ್ಪುವುದಿಲ್ಲ. ತಲೆಗೆ ಹತ್ತದ್ದಕ್ಕಿಂತ ಕಣ್ಣಿಗೆ ಕಾಣದ್ದು, ಕುತ್ತಿಗೆ ತಾಳದ್ದು, ಮನಸ್ಸು ನಾಚಿದ್ದು ಇಲ್ಲಿ ಹೆಚ್ಚು. ಈ ಮೂರಕ್ಕೂ ಪರಿಹಾರವಿದೆ, ಅದು ದುಬಾರಿಯೂ ಅಲ್ಲ.

ಮೊದಲು ಚಾಳೀಸು

ನಲವತ್ತರ ಆಸುಪಾಸಿನಲ್ಲಿ ಕಣ್ಣೊಳಗಿನ ಮಸೂರ ಬಿರುಸಾಗುತ್ತದೆ. ಹತ್ತಿರದ ವಸ್ತುವಿಗೆ ತಕ್ಕಂತೆ ಬಾಗುವ ಶಕ್ತಿ ಅದಕ್ಕೆ ಕಡಿಮೆಯಾಗುತ್ತದೆ. ಇದಕ್ಕೇ ನಮ್ಮ ಹಿರಿಯರು ‘ಚಾಳೀಸು’ ಎಂದು ಹೆಸರಿಟ್ಟರು. ಇದು ರೋಗವಲ್ಲ, ಎಲ್ಲರಿಗೂ ಬರುವಂಥದು. ಪತ್ರಿಕೆಯನ್ನು ತುಸು ದೂರ ಹಿಡಿದು ಓದಿಬಿಡಬಹುದು. ಆದರೆ ಪೆನ್ಸಿಲಿನ ತುದಿಯನ್ನು ದೂರ ಹಿಡಿಯಲಾಗುವುದಿಲ್ಲ. ಗೆರೆ ಎರಡೆರಡಾಗಿ ಕಾಣುತ್ತದೆ, ನೆರಳು ತುಂಬುವಾಗ ಅಂಚು ದಾಟುತ್ತದೆ. ಪಕ್ಕದ ಹದಿನೈದರ ಹುಡುಗ ನೆಟ್ಟಗೆ ಗೆರೆ ಎಳೆದಾಗ ನಿಮಗೆ ನಿಮ್ಮ ಕೈಯ ಮೇಲೆಯೇ ಸಂಶಯ ಬರುತ್ತದೆ.

ಸಾಮಾನ್ಯ ಕನ್ನಡಕ ಏನು ಮಾಡಬಲ್ಲದು ಎಂಬುದಕ್ಕೆ ಅಸ್ಸಾಮಿನ ಚಹಾ ತೋಟದಲ್ಲಿ ನಡೆದ ಒಂದು ಅಧ್ಯಯನ ಒಳ್ಳೆಯ ಸಾಕ್ಷಿ. 2018ರಲ್ಲಿ ಪ್ರಕಟವಾದ ಅದರಲ್ಲಿ ನಲವತ್ತು ದಾಟಿದ 751 ಕಾರ್ಮಿಕರಿದ್ದರು. ಹತ್ತಿರದ ನೋಟದ ಕನ್ನಡಕ ಪಡೆದವರು, ಪಡೆಯದವರಿಗಿಂತ ಸುಮಾರು ಶೇ. 22ರಷ್ಟು ಹೆಚ್ಚು ಎಲೆ ಕಿತ್ತರು. ಎಲೆ ಕೀಳುವ ಕೈಗೇ ಇಷ್ಟು ವ್ಯತ್ಯಾಸವಾದರೆ, ಕೂದಲೆಳೆಯಷ್ಟು ಗೆರೆ ಎಳೆಯುವ ಕೈಗೆ ಎಷ್ಟಾದೀತು, ನೀವೇ ಊಹಿಸಿ.

ಆದ್ದರಿಂದ ಕ್ಲಾಸಿನ ಫೀ ಕಟ್ಟುವ ಮೊದಲು ಕಣ್ಣು ತೋರಿಸಿಕೊಳ್ಳಿ. ಸಂತೆಯಲ್ಲಿ ಕೈಗೆ ಸಿಕ್ಕ ಚಸ್ಮಾ ಹಾಕಿಕೊಂಡು ‘ಕಾಣಸ್ತದ’ ಎಂದು ಸಮಾಧಾನಪಡಬೇಡಿ. ಎರಡು ಕಣ್ಣುಗಳ ನಂಬರು ಬೇರೆ ಬೇರೆ ಇರಬಹುದು. ಪರೀಕ್ಷಿಸುವವರಿಗೆ ನೀವು ಏನು ಕಲಿಯಲು ಹೊರಟಿದ್ದೀರಿ ಎಂದು ತಪ್ಪದೆ ಹೇಳಿ. ಕಾಗದದ ಮೇಲಿನ ಚಿತ್ರ ಕಣ್ಣಿನಿಂದ ಒಂದೂಕಾಲು ಅಡಿ ದೂರದಲ್ಲಿದ್ದರೆ, ಕಂಪ್ಯೂಟರ್ ಪರದೆ ಒಂದು ತೋಳಿನಷ್ಟು ದೂರದಲ್ಲಿರುತ್ತದೆ. ಒಂದರ ಕನ್ನಡಕ ಇನ್ನೊಂದಕ್ಕೆ ಆಗದು. ಅರ್ಧ ದೂರಕ್ಕೆ, ಅರ್ಧ ಹತ್ತಿರಕ್ಕೆ ಇರುವ ಬೈಫೋಕಲ್ ಹಾಕಿದವರು ಪರದೆ ನೋಡಲು ಗದ್ದ ಮೇಲೆತ್ತಿ ಕೆಳಗಿನ ಗಾಜಿನಿಂದ ಇಣುಕುತ್ತಾರೆ. ಒಂದು ತಾಸು ಹಾಗೆ ಕುಳಿತರೆ ಕುತ್ತಿಗೆ ಹಿಡಿಯದೆ ಇರುತ್ತದೆಯೇ? ಅಂಥವರಿಗೆ ಪರದೆಗೆಂದೇ ಬೇರೆ ಕನ್ನಡಕ ಮಾಡಿಸುವುದು ಲೇಸು.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಮಾತು. ರಕ್ತದ ಸಕ್ಕರೆ ಏರಿಳಿದಂತೆ ನೋಟವೂ ಏರಿಳಿಯುತ್ತದೆ. ಸಕ್ಕರೆ ಹತೋಟಿಗೆ ಬಂದ ಮೇಲೆ ಕನ್ನಡಕದ ನಂಬರು ತೆಗೆಸಿ. ವರ್ಷಕ್ಕೊಮ್ಮೆ ಕಣ್ಣಿನ ಹಿಂಪರದೆಯ ಪರೀಕ್ಷೆ ಮಾಡಿಸಿ. ಚಿತ್ರ ಕಲಿಯಲಿ, ಬಿಡಲಿ, ಇದು ಬೇಕೇ ಬೇಕು.

ಬಣ್ಣ ಮಂಕಾದರೆ

ಅರವತ್ತರ ಕಣ್ಣಿನ ಹಿಂಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗಿಂತ ಬಹಳ ಕಡಿಮೆ, ಸುಮಾರು ಮೂರರಲ್ಲಿ ಒಂದು ಪಾಲು. ಹುಡುಗರಿಗೆ ಸಾಕಾಗುವ ಒಂದು ಟ್ಯೂಬ್‌ಲೈಟ್ ನಿಮಗೆ ಸಾಲದು. ಬಲಗೈಯಲ್ಲಿ ಬರೆಯುವವರು ಬೆಳಕು ಎಡದಿಂದ ಬೀಳುವಂತೆ ಕೂಡಬೇಕು. ಇಲ್ಲವಾದರೆ ಸ್ವಂತ ಕೈಯ ನೆರಳೇ ಗೆರೆಯನ್ನು ಮುಚ್ಚುತ್ತದೆ.

ಪೊರೆ ಬೆಳೆದ ಕಣ್ಣಿಗೆ ಬಣ್ಣಗಳು ಹಳದಿ ಕಂದಿಗೆ ತಿರುಗಿದಂತೆ ಕಾಣುತ್ತವೆ. ನೀಲಿ, ನೇರಳೆಗಳ ಭೇದ ಮಾಸುತ್ತದೆ. ಫ್ರಾನ್ಸಿನ ಹೆಸರಾಂತ ಚಿತ್ರಕಾರ ಕ್ಲೋದ್ ಮೊನೆಗೂ ಹೀಗೇ ಆಗಿ, 1923ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಮತ್ತೆ ಕುಂಚ ಹಿಡಿದರು. ‘ನೀವು ಹಚ್ಚಿದ ಬಣ್ಣ ಯಾಕೋ ಬೇರೆ ಕಾಣಸ್ತದ’ ಎಂದು ಗುರುಗಳು ಪದೇ ಪದೇ ಹೇಳುತ್ತಿದ್ದರೆ ಬೇಸರಪಡದೆ ಕಣ್ಣಿನ ವೈದ್ಯರ ಬಳಿ ಹೋಗಿ.

ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಹಸಿರುಗಳ ಭೇದ ಸರಿಯಾಗಿ ತಿಳಿಯುವುದಿಲ್ಲ. ಗಂಡಸರಲ್ಲಿ ಇದು ಹೆಚ್ಚು, ಹೆಂಗಸರಲ್ಲಿ ಅಪರೂಪ. ಇಂಥವರಿಗೆ ಡಿಸೈನ್ ಕೆಲಸ ಮುಚ್ಚಿದ ಬಾಗಿಲೇನಲ್ಲ. ಕಂಪ್ಯೂಟರಿನಲ್ಲಿ ಪ್ರತಿ ಬಣ್ಣಕ್ಕೂ ಸಂಖ್ಯೆಯಿದೆ. ಕಣ್ಣು ಹೇಳದ್ದನ್ನು ಸಂಖ್ಯೆ ಹೇಳುತ್ತದೆ. ರವೀಂದ್ರನಾಥ ಠಾಕೂರರಿಗೂ ಈ ತೊಡಕು ಇತ್ತೆಂದು ಅವರ ಚಿತ್ರಗಳನ್ನು ಅಭ್ಯಾಸ ಮಾಡಿದವರು ಬರೆದಿದ್ದಾರೆ. ಅರವತ್ತು ದಾಟಿದ ಮೇಲೆ ಚಿತ್ರಕಲೆಗೆ ಕೈಹಾಕಿದ ಅವರ ಮೊದಲ ಪ್ರದರ್ಶನ 1930ರಲ್ಲಿ ಪ್ಯಾರಿಸಿನಲ್ಲಿ ನಡೆದಾಗ ಅವರ ವಯಸ್ಸು 69.

ಕುತ್ತಿಗೆ, ಭುಜ, ಬೆರಳು

ಹೊಸದಾಗಿ ಕಲಿಯುವವರು ಪೆನ್ಸಿಲನ್ನು ಕುಡುಗೋಲಿನಂತೆ ಬಿಗಿಯಾಗಿ ಹಿಡಿಯುತ್ತಾರೆ. ಬೆರಳು ನೋಯುತ್ತದೆ, ಗೆರೆ ನಡುಗುತ್ತದೆ. ಉದ್ದ ಗೆರೆಯನ್ನು ಬೆರಳಿನಿಂದ ಎಳೆಯಬಾರದು, ಭುಜದಿಂದ ಎಳೆಯಬೇಕು. ಬೋರ್ಡು ಬರೆಯುವವರು ಎಡಗೈಯಲ್ಲಿ ಒಂದು ಕೋಲು ಹಿಡಿದು ಅದರ ಮೇಲೆ ಬಲಗೈ ಊರುವುದನ್ನು ನೀವು ನೋಡಿರಬಹುದು. ನಡುಗುವ ಕೈಗೆ ಅದಕ್ಕಿಂತ ಒಳ್ಳೆಯ ಆಸರೆ ಇಲ್ಲ. ಆದರೆ ಕೈ ಸುಮ್ಮನೆ ತೊಡೆಯ ಮೇಲಿದ್ದಾಗಲೂ ಒಂದೇ ಕಡೆ ನಡುಗುತ್ತಿದ್ದರೆ ವೈದ್ಯರಿಗೆ ತೋರಿಸಿ.

ಹಾಳೆಯನ್ನು ನೆಲದ ಮೇಲಾಗಲಿ, ಮೇಜಿನ ಮೇಲಾಗಲಿ ಮಟ್ಟವಾಗಿ ಇಟ್ಟರೆ ತಲೆ ಬಗ್ಗಿಯೇ ಇರುತ್ತದೆ. ಒಂದು ಹಲಗೆಯ ಹಿಂದೆ ನಾಲ್ಕು ದಪ್ಪ ಪುಸ್ತಕ ಇಟ್ಟು ಇಳಿಜಾರು ಮಾಡಿಕೊಳ್ಳಿ. ಮೊಣಕಾಲು ನೋವಿರುವವರು ನೆಲದ ಮೇಲೆ ಕೂಡುವ ಹಟ ಬಿಟ್ಟು ಕುರ್ಚಿ ಕೇಳಿ.

ಕಂಪ್ಯೂಟರ್ ಮುಂದೆ ಕೂಡುವವರು ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರುವಂತೆ ನೋಡಿಕೊಳ್ಳಿ. ಅಕ್ಷರಗಳನ್ನು ದೊಡ್ಡದು ಮಾಡಿಕೊಳ್ಳಲು ನಾಚಿಕೆ ಬೇಡ. ಪರದೆ ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ. ನಿಮಿಷಕ್ಕೆ 15ರ ಆಸುಪಾಸು ಇದ್ದದ್ದು ಅರ್ಧಕ್ಕಿಂತಲೂ ಇಳಿಯುತ್ತದೆ. ಕಣ್ಣು ಉರಿಯುವುದು ಇದರಿಂದ. 20 ನಿಮಿಷಕ್ಕೊಮ್ಮೆ, 20 ಅಡಿ ಆಚೆಗಿನ ವಸ್ತುವನ್ನು, 20 ಸೆಕೆಂಡು ನೋಡಿ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬಡಿಯದಂತೆ ಕುಳಿತುಕೊಳ್ಳಿ.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ಜೋಮು ಹಿಡಿದು ಎಚ್ಚರವಾಗುತ್ತಿದೆಯೇ? ಮಣಿಕಟ್ಟಿನಲ್ಲಿ ನರ ಒತ್ತಿಹೋಗಿರಬಹುದು. ಮಧ್ಯವಯಸ್ಸಿನ ಹೆಂಗಸರಲ್ಲಿ, ಥೈರಾಯ್ಡ್ ಮತ್ತು ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಹೆಚ್ಚು. ಬೇಗ ತೋರಿಸಿದರೆ ಮಲಗುವಾಗ ಕಟ್ಟಿಕೊಳ್ಳುವ ಪಟ್ಟಿಯಲ್ಲೇ ಹಲವರಿಗೆ ಗುಣ ಕಾಣುತ್ತದೆ.

ಕುಂಚ ಬಾಯಿಗಿಡಬೇಡಿ

ಕುಂಚದ ತುದಿ ಚೂಪು ಮಾಡಲು ತುಟಿಗೆ ಒತ್ತುವ ರೂಢಿ ಹಳೆಯದು, ಕೆಟ್ಟದ್ದು. ಕೆಲವು ಹಳದಿ, ಕೇಸರಿ, ಬಿಳಿ ಬಣ್ಣಗಳಲ್ಲಿ ಸೀಸ ಇರುತ್ತದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 10 ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಹಾಗೆಂದು ಅಂಗಡಿಯ ಮೂಲೆಯಲ್ಲಿರುವ ಹಳೆಯ ಡಬ್ಬಿಯನ್ನು ನಂಬಬೇಡಿ. ಟರ್ಪೆಂಟೈನ್, ಥಿನ್ನರ್ ಬಳಸುವಾಗ ಕಿಟಕಿ ತೆರೆದಿಡಿ. ಕೈಯ ಬಣ್ಣವನ್ನು ಸೀಮೆಎಣ್ಣೆಯಿಂದ ತಿಕ್ಕದೆ, ಅಡುಗೆಯ ಎಣ್ಣೆ ಸವರಿ ಸಾಬೂನಿನಿಂದ ತೊಳೆಯಿರಿ. ಬಣ್ಣದ ಕೈಯಲ್ಲಿ ಎಲೆ ಅಡಿಕೆ, ಬೀಡಿ ಬೇಡ.

ನಾಚಿಕೆ ಎಂಬ ಕಾಯಿಲೆ

ಕಣ್ಣು, ಕೈಗಳಿಗಿಂತ ಕಠಿಣವಾದದ್ದು ಇದು. ಕಲಿಸುವವನು ಮಗನ ವಯಸ್ಸಿನವನು. ಜೊತೆಯ ಹುಡುಗರು ‘ಕಾಕಾ’, ‘ಅಕ್ಕಾರ’ ಎನ್ನುತ್ತಾರೆ. ಮೌಸ್ ಹಿಡಿಯಲು ಬಾರದೆ ತಡವರಿಸಿದಾಗ ಹಿಂದಿನಿಂದ ಕಿಸಕ್ಕನೆ ನಕ್ಕಂತಾಗುತ್ತದೆ. ಮನೆಗೆ ಬಂದರೆ ‘ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ ಬೇಕಾಗಿತ್ತು?’ ಎಂಬ ಮಾತು. ಮೂವತ್ತು ವರ್ಷ ಊರ ತುಂಬ ಬೋರ್ಡು ಬರೆದು ‘ಪೇಂಟರ್ ಸಾಹೇಬ್ರು’ ಎನಿಸಿಕೊಂಡವನಿಗೆ ಇದು ಸಣ್ಣ ಪೆಟ್ಟಲ್ಲ.

ನೀವು ಸೊನ್ನೆಯಿಂದ ಶುರು ಮಾಡುತ್ತಿಲ್ಲ ಎಂಬುದನ್ನು ಮರೆಯಬೇಡಿ. ಅಕ್ಷರದ ದಪ್ಪ, ಅಕ್ಷರಗಳ ನಡುವಿನ ಜಾಗ, ದೂರದಿಂದ ಓದಲು ಯಾವ ಬಣ್ಣದ ಮೇಲೆ ಯಾವ ಬಣ್ಣ ಒಪ್ಪುತ್ತದೆ ಎಂಬ ಅರಿವು, ಇವೇ ಗ್ರಾಫಿಕ್ ಡಿಸೈನಿನ ಜೀವ. ಪೇಂಟರನಿಗೆ ಇವು ಬರುತ್ತವೆ. ಹುಡುಗನಿಗೆ ಬರುವುದು ಮೌಸ್ ಮಾತ್ರ. ಎಳೆ ಎಣಿಸಿ ಕಸೂತಿ ಹಾಕುವ ತಾಯಂದಿರಿಗೆ ಪರದೆಯ ಚುಕ್ಕೆಗಳ ಲೆಕ್ಕ ಹೊಸದೆನಿಸಲಾರದು. ಬೆಳಗಾವಿಯ ಕೆ.ಬಿ. ಕುಲಕರ್ಣಿಯವರ ಬಳಿ ಕೈ ಪಳಗಿಸಿಕೊಂಡ ರವಿ ಪರಾಂಜಪೆ (1935–2022) ಜಾಹೀರಾತಿನ ಚಿತ್ರಗಳಲ್ಲಿ ದೊಡ್ಡ ಹೆಸರು ಮಾಡಿದರು. ಕೈಯ ಚಿತ್ರವೂ ಹೊಟ್ಟೆಪಾಡಿನ ಡಿಸೈನೂ ಬೇರೆ ಬೇರೆ ಜಾತಿಯಲ್ಲ ಎಂಬುದನ್ನು ಅವರ ಕೆಲಸವೇ ತೋರಿಸುತ್ತದೆ.

ದೊಡ್ಡವರು ನಿಧಾನವಾಗಿ ಕಲಿಯುತ್ತಾರೆ ಎಂಬುದು ನಿಜ. ಅದಕ್ಕೆ ಭಾನುವಾರ ಒಮ್ಮೆಲೇ ನಾಲ್ಕು ತಾಸು ಕೂಡುವುದಕ್ಕಿಂತ ದಿನಾ ಅರ್ಧ ತಾಸು ಕೂಡಿ. ಕೈ ಕಲಿತದ್ದನ್ನು ಮಿದುಳು ನಿದ್ದೆಯಲ್ಲಿ ಗಟ್ಟಿ ಮಾಡಿಕೊಳ್ಳುತ್ತದೆ. ನಿದ್ದೆಗೆಟ್ಟು ಅಭ್ಯಾಸ ಮಾಡುವುದು ತೂತು ಕೊಡಕ್ಕೆ ನೀರು ತುಂಬಿದಂತೆ.

ಇದರಿಂದ ಲಾಭವುಂಟೇ?

ಉಂಟು, ಆದರೆ ಪವಾಡವಲ್ಲ. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ 39 ಮಂದಿ ವಯಸ್ಕರು 45 ನಿಮಿಷ ಚಿತ್ರ, ಮಣ್ಣಿನ ಕೆಲಸ ಮಾಡಿದರು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿಯಿತು. ಮೊದಲೇ ಚಿತ್ರ ಬರುತ್ತಿದ್ದವರಿಗೂ ಬಾರದವರಿಗೂ ಇದರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. 85 ದಾಟಿದ 256 ಹಿರಿಯರನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ, ನಡುವಯಸ್ಸಿನಲ್ಲೂ ಮುಪ್ಪಿನಲ್ಲೂ ಚಿತ್ರ ಬರೆಯುವಂಥ ಹವ್ಯಾಸ ಇದ್ದವರಲ್ಲಿ ಮರೆವಿನ ಆರಂಭ ಬಹಳ ಕಡಿಮೆ ಕಂಡಿತು. ಚಿತ್ರದಿಂದಲೇ ಹೀಗಾಯಿತು ಎಂದು ಇದರಿಂದ ಸಿದ್ಧವಾಗುವುದಿಲ್ಲ. ಆರೋಗ್ಯ ಚೆನ್ನಾಗಿದ್ದವರೇ ಚಿತ್ರ ಬರೆದಿರಲೂಬಹುದು. ಆದ್ದರಿಂದ ಬಿ.ಪಿ., ಸಕ್ಕರೆ, ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರು ಕ್ಲಾಸು ಸೇರಿದ ಮಾತ್ರಕ್ಕೆ ಮಾತ್ರೆ ಬಿಡಬಾರದು.

ಇಷ್ಟಂತೂ ಖಂಡಿತ: ಕೆಲಸ ಕಳೆದುಕೊಂಡವನು, ನಿವೃತ್ತನಾದವನು, ಮಕ್ಕಳು ಊರು ಬಿಟ್ಟು ಹೋದ ತಾಯಿ, ಇವರಿಗೆ ವಾರಕ್ಕೆ ಮೂರು ದಿನ ಹೊರಗೆ ಹೋಗಲು ಒಂದು ಜಾಗ, ನಾಲ್ಕು ಜನರ ಒಡನಾಟ, ನಾಳೆಗೊಂದು ಕೆಲಸ ಸಿಗುವುದೇ ದೊಡ್ಡ ಔಷಧ.

ಮೂರು ಮಾತು

ಕಲಿಸುವವರಿಗೆ: ಸೇರುವ ದಿನವೇ ಕನ್ನಡಕದ ಬಗ್ಗೆ ಕೇಳಿ. ದೊಡ್ಡವರಿಗೆ ಸಂಜೆಯ ಹೊತ್ತು ಬೇರೆ ತಂಡ ಮಾಡಿ. ಬೆನ್ನಿಗೆ ಆಸರೆಯಿರುವ ಕುರ್ಚಿ, ಇನ್ನೊಂದು ದೀಪ ಇಡಿ. ಪಾಠವನ್ನು ಬಾಯಲ್ಲಿ ಹೇಳಿ ಮುಗಿಸದೆ ಕನ್ನಡದಲ್ಲಿ ಬರೆಸಿ ಕೊಡಿ.

ಮನೆಯವರಿಗೆ: ಅಪ್ಪನ ಮೊದಲ ಚಿತ್ರ ನೋಡಿ ನಗಬೇಡಿ. ನೀವು ಮೊದಲ ಸಲ ‘ಅ’ ತಿದ್ದಿದಾಗ ಅವರು ನಕ್ಕಿರಲಿಲ್ಲ.

ನಿಮಗೆ: ಕನ್ನಡಕ ಹಾಕಿಕೊಂಡು, ನೆಟ್ಟಗೆ ಕುಳಿತು, ದಿನಾ ಅರ್ಧ ತಾಸಿನಂತೆ ಆರು ತಿಂಗಳು ಮಾಡಿ ನೋಡಿ. ಆಮೇಲೂ ಮನಸ್ಸು ಒಪ್ಪದಿದ್ದರೆ ಧಾರಾಳವಾಗಿ ಬಿಡಿ. ಆದರೆ ಕಣ್ಣು ತೋರಿಸದೆ, ‘ವಯಸ್ಸಾತು’ ಎಂಬ ಒಂದೇ ಮಾತಿಗೆ ಮಾತ್ರ ಬಿಡಬೇಡಿ.