ಹಕ್ಕಿ ಎಬ್ಬಿಸಿ ತೆಗೆದ ರೀಲ್‌ಗೆ ಲೈಕ್ ಬೇಡ

ಚಳಿಗಾಲ ಬಂತಂದ್ರೆ ಗದಗ ಜಿಲ್ಲೆಯ ಮಾಗಡಿ ಕೆರೆ ರೀಲ್ಸ್ ಶುರು. ಸಾವಿರಾರು ಹಕ್ಕಿ ಒಮ್ಮೆಲೇ ಮೇಲೇಳೋ ಶಾಟ್. ನೋಡೋಕೆ ಸೂಪರ್. ಆದ್ರೆ ಒಂದ್ಸಲ ಯೋಚಿಸಿ: ಅವು ತಾವಾಗೇ ಎದ್ದವೋ, ಯಾರಾದ್ರೂ ಎಬ್ಬಿಸಿದ್ರೋ?

ಅವು ಪಟ್ಟೆತಲೆ ಹೆಬ್ಬಾತುಗಳು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರ್ತವೆ. ಸುತ್ತಲ ಹೊಲಗಳಲ್ಲಿ ಮೇದು, ಹಗಲು ಕೆರೆಯಲ್ಲಿ ಸುಧಾರಿಸಿಕೊಳ್ತವೆ. ಇಲ್ಲಿ ಮೈಗೂಡಿದ ಕೊಬ್ಬೇ ವಾಪಸ್ ದಾರಿಗೆ ಬುತ್ತಿ. ನಮ್ಮ ಅಕೌಂಟ್ಸ್ ಭಾಷೆಲಿ ಹೇಳೋದಾದ್ರೆ ಅದು ಅವುಗಳ ಉಳಿತಾಯ. ನೀವು ಚಪ್ಪಾಳೆ ತಟ್ಟಿ, ಡ್ರೋನ್ ಬಿಟ್ಟು ಹಾರಿಸಿದ್ರೆ ಖರ್ಚಾಗೋದು ಆ ಗಂಟೇ.

ಬೆಳೆ ಮೇಯ್ದ್ರೂ ಊರವರು ಅವನ್ನ ಇರೋಕೆ ಬಿಟ್ಟಿದ್ದಾರೆ. 2024ರಲ್ಲಿ ಕೆರೆಗೆ ರಾಮ್ಸರ್ ಮಾನ್ಯತೆಯೂ ಸಿಕ್ತು. ನಮಗೆ ಒಂದು ತಾಸು ಸುಮ್ನೆ ಕೂರೋಕಾಗಲ್ವಾ?

ಹೋಗಿ, ಖಂಡಿತ ಹೋಗಿ. ದೂರ ನಿಂತು ಜೂಮ್ ಹಾಕಿ, ಗಾಡಿ ಹಾರ್ನ್ ಒತ್ಬೇಡಿ. ಮೇಯೋಕೆ ಹೊರಟಾಗ ಅವೇ ಏಳ್ತವೆ, ಆಗ ತೆಗೀರಿ. ಕಾಯೋಕೆ ಟೈಮ್ ಇಲ್ವಾ? ಕೂತಿರೋ ಹಕ್ಕಿನೇ ತೆಗೀರಿ, ಅದೂ ಚಂದಾನೇ. ಎಬ್ಬಿಸಿ ತೆಗೆದ ರೀಲ್ ಕಣ್ಣಿಗೆ ಬಿದ್ರೆ, ಫ್ರೆಂಡ್‌ದೇ ಆಗಿದ್ರೂ ಲೈಕ್ ಕೊಡ್ಬೇಡಿ. ಲೈಕ್ ಸಿಕ್ಕಷ್ಟು ದಿನ ಅದು ನಿಲ್ಲಲ್ಲ.